ಸೆರೆಯಿಂದ ಮರಳಿದವರ ಭರವಸೆ

ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಸದ್ಗುಣಗಳಲ್ಲಿ ಭರವಸೆಯನ್ನು ಕುರಿತು ನಾವು ಆಡುವ ಮಾತು ಅತಿ ಕಡಿಮೆ. ವಿಶ್ವಾಸಕ್ಕಾಗಿ ಪ್ರಾಣತೆತ್ತ ರಕ್ತಸಾಕ್ಷಿಗಳನ್ನು ಸ್ಮರಿಸುತ್ತೇವೆ. ಪ್ರೀತಿಗಾಗಿ ಸರ್ವಸ್ವವನ್ನು ತ್ಯಜಿಸಿದ ಸಂತರನ್ನು ಕೊಂಡಾಡುತ್ತೇವೆ. ಆದರೆ ಬಿದ್ದು, ಸೋತು, ತಲೆತಗ್ಗಿಸಿ, ಮತ್ತೆ ದೇವರ ಮನೆಯ ಬಾಗಿಲಿಗೆ ಬಂದು ನಿಂತವರ ಚರಿತ್ರೆಯನ್ನು ಬರೆಯುವವರು ವಿರಳ. ನೂರು ವರ್ಷಗಳ ಕೃಪೆಗಾಗಿ ದೇವರನ್ನು ವಂದಿಸುತ್ತಿರುವ ಈ ಶುಭಸಂದರ್ಭದಲ್ಲಿ ಅಂಥದೊಂದು ಚರಿತ್ರೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅದು ನಮ್ಮ ನಾಡಿನದೇ ಕಥೆ. ಕರಾವಳಿಯ ಕಥೋಲಿಕರು ಶ್ರೀರಂಗಪಟ್ಟಣದಲ್ಲಿ ಕಳೆದ ಹದಿನೈದು ವರ್ಷಗಳ ಸೆರೆವಾಸದ ಕಥೆ.

ಸೆರೆಗೆ ಮುನ್ನ

ಹದಿನಾರು ಹಾಗೂ ಹದಿನೇಳನೆಯ ಶತಮಾನಗಳಲ್ಲಿ ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕೊಂಕಣಿ ಭಾಷೆಯ ಕ್ರೈಸ್ತರು ಕರಾವಳಿಯಲ್ಲಿ ಬೇಸಾಯವನ್ನು ಕೈಗೊಂಡು ನೆಲೆನಿಂತರು. ಕೆಳದಿಯ ಅರಸರು ಅವರ ಕೃಷಿಕೌಶಲವನ್ನು ಮೆಚ್ಚಿ ಆಶ್ರಯವಿತ್ತರು. 1568ರಲ್ಲಿ ಮಂಗಳೂರಿನ ರೊಸಾರಿಯೊ ಮಾತೆಯ ದೇವಾಲಯವೂ, 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದೆ ಕ್ಯಾಸ್ಟ್ರೊ ಅವರಿಂದ ಮಿಲಾಗ್ರಿಸ್ ದೇವಾಲಯವೂ ಸ್ಥಾಪನೆಗೊಂಡವು. ಹೀಗೆ ಗದ್ದೆ, ಮನೆ, ಇಗರ್ಜಿಗಳ ನಡುವೆ ಒಂದು ಜನಾಂಗ ಬೇರೂರಿತು.

ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಮಂಗಳೂರು ಇಂಗ್ಲಿಷರ ವಶವಾಯಿತು. ದೀರ್ಘಕಾಲದ ಮುತ್ತಿಗೆಯ ಬಳಿಕ 1784ರ ಜನವರಿಯಲ್ಲಿ ಟಿಪ್ಪು ಸುಲ್ತಾನನು ಕೋಟೆಯನ್ನು ಮರಳಿ ಪಡೆದನು. ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆಪಾದನೆ ಅವರ ಮೇಲೆ ಬಂದಿತು. ಆ ವರ್ಷದ ವಿಭೂತಿ ಬುಧವಾರದಂದು ಸೆರೆ ಹಿಡಿಯುವ ಕಾರ್ಯ ಆರಂಭವಾಯಿತೆಂಬುದು ನಮ್ಮ ಹಿರಿಯರಿಂದ ಬಂದ ಪರಂಪರೆ. ಹಣೆಗೆ ಬೂದಿಯನ್ನು ಧರಿಸಿ ತಪಸ್ಸುಕಾಲವನ್ನು ಪ್ರವೇಶಿಸಬೇಕಾದ ಜನ ಮನೆಮಠಗಳನ್ನು ತೊರೆದು ಘಟ್ಟವನ್ನೇರಬೇಕಾಯಿತು. ಸೆರೆಯಾದವರ ಸಂಖ್ಯೆಯನ್ನು 30,000 ಎಂದು ಹೇಳುವವರೂ 80,000 ಎಂದು ಹೇಳುವವರೂ ಉಂಟು. 60,000 ಎಂಬುದು ಹೆಚ್ಚು ಪ್ರಚಲಿತವಾದ ಎಣಿಕೆ. ಗುರುಗಳನ್ನು ನಾಡಿನಿಂದ ಹೊರಗಟ್ಟಲಾಯಿತು. ಇಪ್ಪತ್ತೇಳು ದೇವಾಲಯಗಳು ನೆಲಸಮವಾದವೆಂದು ಹೇಳಲಾಗಿದೆ. ಮೂಡಬಿದಿರೆಯ ಬಳಿಯ ಹೊಸಪೇಟೆಯ ಪವಿತ್ರ ಶಿಲುಬೆಯ ದೇವಾಲಯ ಉಳಿದುದು ಚೌಟ ಅರಸರ ಕೃಪೆಯಿಂದ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಯುದ್ಧದ ದ್ವೇಷ ನಾಡನ್ನು ಕವಿದಿದ್ದಾಗಲೂ ನೆರೆಹೊರೆಯ ಸೌಹಾರ್ದ ಸಂಪೂರ್ಣವಾಗಿ ಬತ್ತಿರಲಿಲ್ಲ.

ಸೋಲಿನ ವರ್ಷಗಳು

ಕಾಡುದಾರಿಯ ಬಳಲಿಕೆ, ಹಸಿವು, ರೋಗಗಳಿಂದ ಅನೇಕರು ಮಾರ್ಗದಲ್ಲಿಯೇ ಅಸುನೀಗಿದರು. ಶ್ರೀರಂಗಪಟ್ಟಣವನ್ನು ತಲುಪಿದವರಲ್ಲಿ ಯುವಕರನ್ನು ಬಲಾತ್ಕಾರವಾಗಿ ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ಈ ಘಟ್ಟವನ್ನು ವಿವರಿಸುವಾಗ ನಮ್ಮ ಲೇಖಕರು ಸಾಮಾನ್ಯವಾಗಿ ಹಿಂಸೆಯನ್ನು ವರ್ಣಿಸುತ್ತಾರೆ. ಜನರ ಸೋಲನ್ನು ಕುರಿತು ಮೌನ ತಾಳುತ್ತಾರೆ. ಆದರೆ ಆ ಸೋಲನ್ನು ಮರೆಮಾಚಿದರೆ ಮುಂದೆ ಒದಗಿದ ಕೃಪೆಯೂ ನಮಗೆ ಅರ್ಥವಾಗದು.

ಫ್ರೆಂಚ್ ಗುರುಗಳಾದ ಅಬ್ಬೆ ದುಬುವಾ ಅವರು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಷ್ಟು ಸಾವಿರ ಜನರಲ್ಲಿ ಎದ್ದುನಿಂತು ವಿಶ್ವಾಸವನ್ನು ಸಾರಿ ಪ್ರಾಣ ಕೊಡಲು ಒಬ್ಬರೂ ಮುಂದಾಗಲಿಲ್ಲವೆಂಬುದು ಅವರ ಕಠಿಣವಾದ ಮಾತು. ಈ ತೀರ್ಪು ನಮ್ಮ ಮನಸ್ಸನ್ನು ನೋಯಿಸುತ್ತದೆ. ಹೆಂಡತಿ ಮಕ್ಕಳೊಡನೆ ಸೆರೆಯಲ್ಲಿದ್ದ ಬಡ ರೈತನ ಸ್ಥಿತಿಯನ್ನು ನೆನೆದರೆ ಅವನನ್ನು ಖಂಡಿಸಲು ನಾಲಿಗೆ ಏಳುವುದಿಲ್ಲ. ಆದರೂ ಆ ಮಾತನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಏಕೆಂದರೆ ಅದೇ ಗುರುಗಳು ಅದರ ಮುಂದಿನ ಸಂಗತಿಯನ್ನೂ ದಾಖಲಿಸಿದ್ದಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಸುಲ್ತಾನನು ರಣದಲ್ಲಿ ಮಡಿದ ತರುವಾಯ, ಹೀಗೆ ಬಿದ್ದವರಲ್ಲಿ ಹೆಚ್ಚಿನವರು ಧರ್ಮಸಭೆಯೊಡನೆ ಸಂಧಾನವನ್ನು ಕೋರಿ ಬಂದರು. ತಾವು ಹೊರಗೆ ಮಾತ್ರ ಧರ್ಮವನ್ನು ತೊರೆದಿದ್ದೆವೆಂದೂ ಕ್ರಿಸ್ತನಲ್ಲಿಟ್ಟ ವಿಶ್ವಾಸವನ್ನು ಎದೆಯೊಳಗೆ ಸದಾ ಕಾಪಾಡಿಕೊಂಡಿದ್ದೆವೆಂದೂ ನಿವೇದಿಸಿಕೊಂಡರು. ಅಂಥವರಲ್ಲಿ ಸುಮಾರು 2,000 ಮಂದಿ ಸ್ವತಃ ದುಬುವಾ ಅವರ ಬಳಿಗೆ ಬಂದರು. 20,000ದಷ್ಟು ಜನ ಮಂಗಳೂರು ಸೀಮೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿದರೆಂದು ಅವರು ಬರೆದಿದ್ದಾರೆ.

ಗುರುಗಳಿಲ್ಲದ ಪ್ರಾರ್ಥನೆ

ಹದಿನೈದು ವರ್ಷ ಎದೆಯೊಳಗೆ ವಿಶ್ವಾಸವನ್ನು ಕಾಪಾಡಿಕೊಳ್ಳುವುದೆಂದರೇನು? ಗುರುಗಳಿಲ್ಲದ ಕಡೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸತ್ಪ್ರಸಾದವಿಲ್ಲ. ಉಳಿಯುವುದು ನಾಲಿಗೆಗೆ ಬಂದ ಜಪ ಮಾತ್ರ. ಪರಲೋಕ ಮಂತ್ರಕ್ಕೆ ಗ್ರಂಥ ಬೇಡ. ಜಪಸರವಿಲ್ಲದಿದ್ದರೆ ಹತ್ತು ಬೆರಳುಗಳೇ ಸಾಕು. ಹುಟ್ಟಿದ ಕೂಸಿಗೆ ಅಪಾಯದ ಹೊತ್ತಿನಲ್ಲಿ ದೀಕ್ಷಾಸ್ನಾನವನ್ನೀಯುವ ಅಧಿಕಾರವನ್ನು ಧರ್ಮಸಭೆ ಸಾಮಾನ್ಯ ವಿಶ್ವಾಸಿಗೂ ಕೊಟ್ಟಿದೆ. ಸಂಜೆಯಾದೊಡನೆ ಮನೆಮಂದಿಯೆಲ್ಲ ಮೊಣಕಾಲೂರಿ ‘ತೇರ್ಸ್’ ಹೇಳಿ, ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುವ ಪದ್ಧತಿ ಕೊಂಕಣಿ ಮನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ತಾಯಂದಿರ ತುಟಿಗಳಲ್ಲಿ ಈ ಜಪ ಬದುಕಿರದಿದ್ದರೆ, ಸೆರೆಯಲ್ಲೇ ಹುಟ್ಟಿ ಬೆಳೆದು ದೇವಾಲಯವನ್ನೇ ಕಂಡಿರದ ಮಕ್ಕಳು 1799ರಲ್ಲಿ ಯಾವ ದೇವರ ಕಡೆಗೆ ಮರಳುತ್ತಿದ್ದರು?

ತೆರೆದ ಬಾಗಿಲು

ಎದೆಯೊಳಗಿನ ಪ್ರಾರ್ಥನೆ ಒಂದು ಕೈಯಾದರೆ, ಚಾಚಿ ಎತ್ತುವ ಸಮುದಾಯ ಇನ್ನೊಂದು ಕೈ. ಕೊಡಗಿನ ದೊಡ್ಡ ವೀರರಾಜೇಂದ್ರನು ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ವೀರರಾಜಪೇಟೆಯಲ್ಲಿ ನೆಲೆ ಕಲ್ಪಿಸಿದನು; ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಿಂದೆಯೇ ಅಲ್ಲಿ ತಲೆಯೆತ್ತಿತು. ಶ್ರೀರಂಗಪಟ್ಟಣದಲ್ಲಿ ಉಳಿದವರನ್ನು ಒಗ್ಗೂಡಿಸಿದವರು ದುಬುವಾ ಅವರೇ. ಜನರು ‘ದೊಡ್ಡಸ್ವಾಮಿ’ಯೆಂದು ಕರೆದ ಆ ಗುರುಗಳು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು, ಸಿಡುಬಿನ ವಿರುದ್ಧ ಚುಚ್ಚುಮದ್ದನ್ನು ಹಳ್ಳಿಹಳ್ಳಿಗೆ ಒಯ್ದರು. ಬಿದ್ದವರನ್ನು ಕುರಿತು ಅವರ ಲೇಖನಿ ಕಟುವಾಗಿತ್ತು. ಅವರ ಬಾಗಿಲು ಮಾತ್ರ ತೆರೆದೇ ಇತ್ತು.

ಮಂಗಳೂರಿಗೆ ಮರಳಿದವರಿಗೆ ಕಾದಿದ್ದುದು ಪಾಳುಬಿದ್ದ ಇಗರ್ಜಿಗಳು, ಪರರ ಪಾಲಾದ ಹೊಲಗದ್ದೆಗಳು. 1799ರ ಡಿಸೆಂಬರಿನಲ್ಲಿ ರೊಸಾರಿಯೊ ದೇವಾಲಯದ ವಿಚಾರಣೆ ಗುರುಗಳಾಗಿ ನೇಮಕಗೊಂಡ ಗೋವೆಯ ಮೆಂಡೆಸ್ ಸ್ವಾಮಿಯವರು ಈ ಜನರ ಏಳಿಗೆಗಾಗಿ ದುಡಿದರು. ಮಿಲಾಗ್ರಿಸ್ ದೇವಾಲಯ 1811ರಲ್ಲಿ, ರೊಸಾರಿಯೊ ದೇವಾಲಯ 1813ರಲ್ಲಿ ಪುನಃ ನಿರ್ಮಾಣಗೊಂಡವು. ತಮಗೇ ನೆಟ್ಟಗೆ ಸೂರಿಲ್ಲದ ಜನ ದೇವರಿಗೆ ಸೂರು ಕಟ್ಟಿದರು.

ಧರ್ಮಸಭೆಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಮೂರನೆಯ ಶತಮಾನದಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ವಿಗ್ರಹಗಳಿಗೆ ಬಲಿಯರ್ಪಿಸಿದವರನ್ನು ಮತ್ತೆ ಸೇರಿಸಿಕೊಳ್ಳಬಾರದೆಂದು ರೋಮಿನ ನೊವಾಶಿಯನ್ ಹಟ ಹಿಡಿದನು. ಕಾರ್ಥೇಜಿನ ಸಂತ ಸಿಪ್ರಿಯಾನರ ಮುಂದಾಳ್ತನದಲ್ಲಿ 251ರಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ಪಶ್ಚಾತ್ತಾಪ ಪಟ್ಟವರಿಗೆ ಸಂಧಾನದ ಮಾರ್ಗವನ್ನು ತೆರೆಯಿತು. ಅದಕ್ಕೂ ಮೊದಲು, ಬೆಂಕಿ ಕಾಯಿಸುತ್ತ ಮೂರು ಬಾರಿ ಗುರುವನ್ನು ನಿರಾಕರಿಸಿದ ಪೇತ್ರನಿಗೆ ತಿಬೇರಿಯ ಸಮುದ್ರದ ದಡದಲ್ಲಿ ಮೂರು ಬಾರಿ ಕುರಿಗಳನ್ನು ಒಪ್ಪಿಸಿದವನು ಪುನರುತ್ಥಾನಗೊಂಡ ಪ್ರಭುವೇ ಅಲ್ಲವೆ?

ನಮ್ಮ ಪಾಲಿನ ಕರ್ತವ್ಯ

ಇಂದು ನಮ್ಮನ್ನು ಯಾರೂ ಸೆರೆಗೆ ಒಯ್ಯುತ್ತಿಲ್ಲ. ಆದರೂ ನಮ್ಮ ನಡುವಿನ ಎಷ್ಟು ಕುಟುಂಬಗಳು ಸಾಲದಿಂದ, ಕುಡಿತದಿಂದ, ಮನಸ್ತಾಪದಿಂದ, ಅವಮಾನದಿಂದ ದೇವಾಲಯದಿಂದ ದೂರ ಸರಿದಿಲ್ಲ? ಹಲವು ವರ್ಷಗಳ ಬಳಿಕ ಅಂಥವರೊಬ್ಬರು ಭಾನುವಾರದ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಂತಾಗ ನಾವು ತಿರುಗಿ ನೋಡುವ ನೋಟ ಎಂಥದು? ನೊವಾಶಿಯನ್ನನ ನೋಟವೋ, ಸಿಪ್ರಿಯಾನರ ನೋಟವೋ?

ಮನೆಯಲ್ಲಿ ಸಂಜೆಯ ಜಪವನ್ನು ಬಿಡದೆ ನಡೆಸೋಣ. ಮುಂದೊಂದು ದಿನ ದೂರ ಹೋದ ಮಗ ಮರಳಲು ಹಾದಿ ತೋರುವುದು ಅದೇ. ದೇವಾಲಯದಲ್ಲಿ ಮರಳಿದವರಿಗೆ ಕಾರಣ ಕೇಳದೆ ಸ್ಥಳ ಬಿಟ್ಟುಕೊಡೋಣ. ಬಿದ್ದವರು ಎದ್ದು ಕಟ್ಟಿದ ಇಗರ್ಜಿಗಳು ನಮ್ಮ ನಾಡಿನಲ್ಲಿ ಇಂದಿಗೂ ನಿಂತಿವೆ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ವಿಚಾರಣೆಯ ಮೇಲೆ ಅದೇ ಕೃಪೆ ನೆಲಸಲೆಂದು ಮಾತೆ ಮರಿಯಮ್ಮನವರ ಮೂಲಕ ಪ್ರಾರ್ಥಿಸುತ್ತೇವೆ.