ಸೋಮೇಶ್ವರನ ಮೀನು, ನನ್ನ ಗಾರ್, ವೈಜಾಪುರದ ಗೋದಾವರಿ

ಇವತ್ತಿನ ಇತಿಹಾಸದ ಮಾತು ನನ್ನ ಮನೆಯ ಮೀನಿನ ತೊಟ್ಟಿಯಿಂದ ಶುರು.

ಪುಣೆಯ ಫ್ಲ್ಯಾಟ್‌ನಲ್ಲಿ ನಾನೊಂದು ಅಲಿಗೇಟರ್ ಗಾರ್ ಸಾಕಿದ್ದೆ. ತಂದಾಗ ನಾಲ್ಕು ಇಂಚು, ಪೆನ್ಸಿಲ್ ಥರ ಇತ್ತು. ಸಿಗಡಿ, ಸಣ್ಣ ಮೀನು ತಿಂದು ಎರಡೇ ವರ್ಷಕ್ಕೆ ಎರಡು ಅಡಿ ಆಯ್ತು. ಟ್ಯಾಂಕ್‌ನಲ್ಲಿ ತಿರುಗೋಕೂ ಪರದಾಡುತ್ತಿತ್ತು. ಅಷ್ಟರಲ್ಲಿ ನನಗೆ ಆನ್‌ಸೈಟ್ ಬಂತು. ವೈಜಾಪುರದ ಸಹೋದ್ಯೋಗಿ ಅಂದ: "ನಮ್ಮ ತಾಲ್ಲೂಕಿನಲ್ಲಿ ಗೋದಾವರಿ ಹರೀತಾಳೆ, ಬಿಟ್ಟುಬಿಡು. ಪುಣ್ಯ ಬರುತ್ತೆ." ಒಂದು ಶನಿವಾರ ಡ್ರಮ್ಮಿನಲ್ಲಿ ಮೀನು ಹಾಕಿಕೊಂಡು ಹೊರಟೇಬಿಟ್ಟೆವು.

ಗೋದಾವರಿ ಅಂದ್ರೆ ನಮಗೆ ಪರಊರಿನ ನದಿಯೇನಲ್ಲ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಗಡಿ ಅಂತ ಹೇಳೋದು ಇದನ್ನೇ. ಮುಂದೆ ಈ ಸೀಮೆಯ ಸೇವುಣರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಅದೇ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದ ಮಾನಸೋಲ್ಲಾಸ ಬರೆದ. ನೂರು ಅಧ್ಯಾಯಗಳಲ್ಲಿ ಒಂದು ಮತ್ಸ್ಯವಿನೋದ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಪ್ರಕಟಿಸಿದರು.

ಸೋಮೇಶ್ವರ ಮೀನುಗಳನ್ನು ಸಮುದ್ರದವು, ಸಿಹಿನೀರಿನವು, ಹುರುಪೆ ಇರುವವು, ಇಲ್ಲದವು ಅಂತ ವಿಂಗಡಿಸುತ್ತಾನೆ. ಯಾವುದಕ್ಕೆ ಯಾವ ಮೇವು ಅಂತಲೂ ಹೇಳುತ್ತಾನೆ. ಅವನೇನು ಅಹಿಂಸಾವಾದಿಯಲ್ಲ, ಮೇವು ಹಾಕಿ ಆಮೇಲೆ ಗಾಳ ಹಾಕುವವನು. ಆದರೆ ತನ್ನ ವಿನೋದದ ಮೀನು ಏನು ತಿನ್ನುತ್ತೆ ಅಂತ ಅವನಿಗೆ ಗೊತ್ತಿತ್ತು. ಅದು ಇದೇ ನಾಡಿನ ನೀರಿನ ಮೀನು.

ನನ್ನದು ಉತ್ತರ ಅಮೆರಿಕದ್ದು. ಎಂಟು ಅಡಿ, ನೂರು ಕಿಲೋ ದಾಟಬಲ್ಲದು, ದಶಕಗಟ್ಟಲೆ ಬದುಕಬಲ್ಲದು. ತರುವಾಗ ಇದೊಂದನ್ನೂ ನಾನು ಕೇಳಿರಲಿಲ್ಲ.

ದಡದಲ್ಲಿ ಒಬ್ಬ ಮುದುಕ ಬಲೆ ಒಣಗಿಸುತ್ತಿದ್ದ. ಡ್ರಮ್ಮಿಗೆ ಇಣುಕಿ, ಹಲ್ಲು ನೋಡಿ ಕೇಳಿದ: "ಇದು ಏನು ತಿನ್ನುತ್ತೆ?" "ಮೀನು" ಅಂದೆ. ಅವನು ಮತ್ತೇನೂ ಕೇಳಲಿಲ್ಲ, ಬಲೆ ಕಡೆ ನೋಡಿದ. ಆ ನೀರು ಮುಂದೆ ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತೆ. 2018ರ ಪ್ರವಾಹದ ನಂತರ ಕೇರಳದ ಬಲೆಗಳಿಗೆ ಅರಾಪೈಮಾ, ಗಾರ್ ಸಿಕ್ಕಿದ್ದವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಗಾರ್ ಸಿಕ್ತು. ಅಲ್ಲಿಗೆ ಅದು ಈಜಿಕೊಂಡಂತೂ ಹೋಗಿರಲಿಲ್ಲ.

ಡ್ರಮ್ಮು ವಾಪಸ್ ಕಾರಿಗೆ ಹೋಯ್ತು. ಮೂರು ವಾರ ಹುಡುಕಿ, ದೊಡ್ಡ ಮುಚ್ಚಿದ ಕೊಳ ಇದ್ದ ಒಬ್ಬ ಹವ್ಯಾಸಿಗೆ ಕೊಟ್ಟೆ.

ಊರು ಬಿಟ್ಟು ಬಂದ ನಾವು ವರ್ಷಕ್ಕೊಮ್ಮೆ ಮನೆ ಬದಲಿಸ್ತೀವಿ, ನದಿಗೆ ಆ ಅನುಕೂಲ ಇಲ್ಲ. ಮೀನು ತರೋ ಮೊದಲು ಎರಡೇ ಪ್ರಶ್ನೆ ಕೇಳಿ: ಎಷ್ಟು ಬೆಳೆಯುತ್ತೆ? ನಾನು ಹೊರಟರೆ ಅದು ಎಲ್ಲಿಗೆ?