ನಾಲ್ಕು ಗಂಟೆಗೊಮ್ಮೆ

ನಮ್ಮೂರ ಕಡೆ ಯಾರಿಗಾದರೂ ‘ಮಾರ್ಫಿನ್ ಶುರು ಮಾಡಿದಾರಂತೆ’ ಅಂದರೆ ಸಾಕು, ಕೇಳಿದವರು ದನಿ ತಗ್ಗಿಸಿ ‘ಇನ್ನೆಷ್ಟು ದಿನವಂತೆ?’ ಅಂತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೇ ಪ್ರಶ್ನೆ, ಇಂಗ್ಲಿಷಿನಲ್ಲಿ ಕೇಳ್ತಾರೆ ಅಷ್ಟೆ. ಕ್ಯಾನ್ಸರ್ ನೋವಿನ ಔಷಧಕ್ಕೆ ಅಂಟಿಕೊಂಡ ಈ ಸಾವಿನ ಹೆಸರನ್ನು ಬಿಡಿಸೋಕೆ ಜೀವಮಾನವನ್ನೇ ಕೊಟ್ಟವರು ಸಿಸಿಲಿ ಸಾಂಡರ್ಸ್. ಶುರುವಿನಲ್ಲಿ ಅವರು ಡಾಕ್ಟರ್ ಅಲ್ಲ, ನರ್ಸ್.

1918ರಲ್ಲಿ ಹುಟ್ಟಿದ ಸಿಸಿಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವು ಆ ಕೆಲಸ ಬಿಡಿಸಿತು. ಆಸ್ಪತ್ರೆಯಲ್ಲೇ ರೋಗಿಗಳ ಮನೆ-ಸಂಸಾರದ ಕಷ್ಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅಲ್ಲಿ ಸಿಕ್ಕವನು ಡೇವಿಡ್ ತಾಸ್ಮಾ. ವಾರ್ಸಾದಿಂದ ಬಂದ ಯಹೂದಿ, ಹಿಂದೆ-ಮುಂದೆ ಯಾರೂ ಇಲ್ಲ, ಕ್ಯಾನ್ಸರ್. ಸಾಯುವವರಿಗಾಗಿ ಒಂದು ಒಳ್ಳೆಯ ಮನೆ ಕಟ್ಟೋದರ ಬಗ್ಗೆ ಇಬ್ಬರೂ ಮಾತಾಡುತ್ತಿದ್ದರು. 1948ರಲ್ಲಿ ತೀರಿಕೊಂಡಾಗ ಆತ 500 ಪೌಂಡ್ ಬಿಟ್ಟುಹೋದ, ಆ ಮನೆಗೆ ತಾನೊಂದು ಕಿಟಕಿಯಾಗಬೇಕು ಅಂತ.

ಆಗಿನ ವಾರ್ಡುಗಳಲ್ಲಿ ನೋವು ಬಂದ ಮೇಲೆ ಔಷಧ. ರೋಗಿ ನರಳಬೇಕು, ಕೇಳಬೇಕು, ಕಾಯಬೇಕು. ಚಟ ಹತ್ತೀತು ಅನ್ನೋ ಭಯದಲ್ಲಿ ಇನ್ನಷ್ಟು ಕಾಯಿಸುತ್ತಿದ್ದರು. ಅಷ್ಟೊತ್ತಿಗೆ ನೋವು ನೆತ್ತಿಗೇರಿ, ದೊಡ್ಡ ಡೋಸೇ ಬೇಕಾಗೋದು. ಮಂಪರು, ಮತ್ತೆ ಎಚ್ಚರ, ಮತ್ತೆ ನೋವು. ಸಿಸಿಲಿ ಸಂಜೆ ಹೊತ್ತು ಸ್ವಯಂಸೇವೆಗೆ ಹೋಗುತ್ತಿದ್ದ ಸೇಂಟ್ ಲ್ಯೂಕ್ಸ್ ಎಂಬ ಕಡೆ ಲೆಕ್ಕವೇ ಬೇರೆ ಇತ್ತು. ಬಾಯಿಗೆ ಹಾಕಿದ ಮಾರ್ಫಿನ್ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತೆ. ಹಾಗಾಗಿ ಅಲ್ಲಿನ ನರ್ಸ್‌ಗಳು ನಾಲ್ಕು ಗಂಟೆಗೊಮ್ಮೆ, ನೋವು ವಾಪಸ್ ಬರೋ ಮುಂಚೆಯೇ ಕೊಡುತ್ತಿದ್ದರು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಅಲರ್ಟ್ ಬಂದಮೇಲೆ ಎದ್ದು ಓಡೋದಲ್ಲ, ಕ್ರಾನ್ ಜಾಬ್ ಹಾಕಿಡೋದು.

ನರ್ಸ್ ಹೇಳಿದರೆ ಯಾರು ಕೇಳ್ತಾರೆ? ಒಬ್ಬ ಸರ್ಜನ್ ಸಲಹೆಯಂತೆ ಮೂವತ್ತು ದಾಟಿದ ಮೇಲೆ ಮೆಡಿಕಲ್ ಓದಿ, 1957ರಲ್ಲಿ ಡಾಕ್ಟರಾದರು. ಸೇಂಟ್ ಜೋಸೆಫ್ಸ್ ಹಾಸ್ಪೈಸಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟರು. ಹೊತ್ತುಹೊತ್ತಿಗೆ ಕೊಟ್ಟರೆ ಚಟವೂ ಹತ್ತಲ್ಲ, ಪ್ರಜ್ಞೆಯೂ ಮಸುಕಾಗಲ್ಲ ಅಂತ ತೋರಿಸಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ತಾಸ್ಮಾನ ಕಿಟಕಿ ಅಲ್ಲಿದೆ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೂ ಇದೇ ಬಂತು: ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ.

ಮಾರ್ಫಿನ್ ಒಂದೇ ಅಲ್ಲ ಬಿಡಿ. ಅದು ಹೊಟ್ಟೆ ಕಟ್ಟಿಸುತ್ತೆ, ಹಾಗಾಗಿ ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಿಸುವ ಔಷಧ ಬೇಕು. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು, ಒಣಗಿದ ಬಾಯಿ ಒದ್ದೆ ಮಾಡುತ್ತಿರಬೇಕು. ಗಡ್ಡೆ ಒಡೆದು ನಾರುವ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಹಾಕುವ ರೂಢಿಯಿದೆ. ತೀರಾ ಅಗ್ಗದ ಮಾತ್ರೆ. ವಾಸನೆ ಇಳಿದರೆ, ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದ ನೆಂಟರು ಮಂಚದ ಹತ್ತಿರ ಬಂದು ಕೂರ್ತಾರೆ. ಇದನ್ನು ಸಣ್ಣ ವಿಷಯ ಅನ್ನೋರು ಅಂಥ ಮನೆ ನೋಡಿಲ್ಲ.

ಇನ್ನು ನಮ್ಮ ದೇಶ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಲ್ಲೇ ಅಫೀಮು ಬೆಳೆದು ಹೊರದೇಶಗಳಿಗೆ ಮಾರಿದವರು ನಾವು. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಡೋಕೇ ಹೆದರಿದವು. ಹಲವು ಲೈಸೆನ್ಸ್, ಎಲ್ಲವೂ ಒಟ್ಟಿಗೆ ಚಾಲ್ತಿಯಲ್ಲಿರಬೇಕು, ತಪ್ಪಿದರೆ 10 ವರ್ಷದ ಜೈಲಿನ ಭಯ. 1997ರಲ್ಲಿ ಇಡೀ ಭಾರತ ಬಳಸಿದ್ದು ಬರೀ 18 ಕಿಲೋ ಆಸುಪಾಸು. ಮಾರ್ಫಿನ್ ಮಾತ್ರೆ ಕಣ್ಣಲ್ಲಿ ನೋಡದೇ ಡಾಕ್ಟರಾದವರ ಒಂದು ತಲೆಮಾರೇ ಬಂತು. ಕಳ್ಳಸಾಗಣೆ ಮಾಡೋರಿಗೆ ಹಾಕಿದ ಬೇಲಿ ರೋಗಿಗಳ ಕಾಲಿಗೆ ಚುಚ್ಚಿತು.

ಈ ಬೇಲಿಯೊಳಗೇ ದಾರಿ ಮಾಡಿಕೊಂಡವರೂ ಇದ್ದರು. ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಸೊಸೈಟಿ ಕಟ್ಟಿ, ನೋವು ಶಮನದ ಕೆಲಸ ಶುರು ಮಾಡಿದರು. ನಮ್ಮಲ್ಲಿ, ಮಾರತ್ತಹಳ್ಳಿ ಹತ್ತಿರ, ನೀವು ದಿನಾ ಟ್ರಾಫಿಕ್ಕಲ್ಲಿ ಬೈಕೊಂಡು ಹೋಗೋ ರಸ್ತೆ ಪಕ್ಕದಲ್ಲೇ ‘ಕರುಣಾಶ್ರಯ’ ಇದೆ. 1994ರಲ್ಲಿ ಹುಟ್ಟಿದ ಟ್ರಸ್ಟ್ ಅದನ್ನು ನಡೆಸುತ್ತೆ, ರೋಗಿಯಿಂದ ಒಂದು ಪೈಸೆ ತಗೊಳ್ಳಲ್ಲ.

ರಾಜಗೋಪಾಲ್ ಅಂಥವರ ವರ್ಷಗಟ್ಟಲೆ ಓಡಾಟದ ನಂತರ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಒಂದೇ ಲೈಸೆನ್ಸ್ ಸಾಕು ಅಂತಾಯ್ತು. ಹಾಗಂತ ತಾಲ್ಲೂಕಿನ ಮೆಡಿಕಲ್ ಶಾಪಿಗೆ ಹೋಗಿ ಚೀಟಿ ತೋರಿಸಿ ನೋಡಿ. ನಮ್ಮ ಕಡೆಯವರು ಈಗಲೂ ಅದಕ್ಕಾಗಿ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಬರ್ತಾರೆ.