ಇಮಾಮಿಗೆ ಅರ್ಧ ಇಮಾಮಿ: ಟಿಪ್ಪು ಸುಲ್ತಾನರ ಠೇವಣಿ ಯೋಜನೆ ಮತ್ತು ಲಾಭದ ಪ್ರಶ್ನೆ

ಟಿಪ್ಪು ಸುಲ್ತಾನರ ಸರಕಾರವು 1793 ಮತ್ತು 1794ರಲ್ಲಿ ತನ್ನ ವ್ಯಾಪಾರ ಇಲಾಖೆಗಾಗಿ ನಿಯಮಾವಳಿಗಳನ್ನು ಹೊರಡಿಸಿತು. ಅದರಲ್ಲಿನ ಒಂದು ಕಲಮು ಇಂದಿನ ಓದುಗರನ್ನು ತಡೆದು ನಿಲ್ಲಿಸುವಂಥದ್ದು. ಪ್ರಜೆಗಳಲ್ಲಿ ಯಾರು ಬೇಕಾದರೂ ತಮ್ಮ ಹಣವನ್ನು ಸರಕಾರದ ವ್ಯಾಪಾರದಲ್ಲಿ ತೊಡಗಿಸಬಹುದೆಂದು ಅದು ಸಾರುತ್ತದೆ. 5ರಿಂದ 500 ಇಮಾಮಿಯವರೆಗೆ ಇಟ್ಟವರಿಗೆ ವರ್ಷದ ಕೊನೆಯಲ್ಲಿ ಪ್ರತಿ ಇಮಾಮಿಗೆ ಅರ್ಧ ಇಮಾಮಿ ಲಾಭ. 500ರಿಂದ 5000ದವರೆಗೆ ಇಟ್ಟವರಿಗೆ ಕಾಲು ಇಮಾಮಿ. ಅದಕ್ಕೂ ಮೇಲ್ಪಟ್ಟವರಿಗೆ ನೂರಕ್ಕೆ 12. ಅಸಲಿನಲ್ಲಿ ಒಂದು ಭಾಗವನ್ನು ಬೇಕೆಂದಾಗ ಹಿಂಪಡೆಯುವ ಸ್ವಾತಂತ್ರ್ಯವೂ ಇತ್ತು.

ಇಮಾಮಿ ಎಂಬುದು ಸುಲ್ತಾನರ ಬೆಳ್ಳಿಯ ರೂಪಾಯಿ. ತಮ್ಮ ನಾಣ್ಯಗಳಿಗೆ ಅವರು ಖಲೀಫರ ಮತ್ತು ಇಮಾಮರ ಹೆಸರುಗಳನ್ನು ಇಟ್ಟಿದ್ದರು. ಅರ್ಧ ರೂಪಾಯಿ ಆಬಿದಿ, ಕಾಲು ರೂಪಾಯಿ ಬಾಖಿರಿ. ಹೀಗಾಗಿ ಅಂದಿನ ಬಡ ಗೃಹಸ್ಥನೊಬ್ಬನಿಗೆ ಈ ಪ್ರಕಟಣೆಯ ಅರ್ಥ ಸರಳವಾಗಿತ್ತು: ಒಂದು ಇಮಾಮಿ ಇಡು, ವರ್ಷ ಕಳೆದ ಮೇಲೆ ಅದರೊಡನೆ ಒಂದು ಆಬಿದಿಯನ್ನು ಒಯ್ಯಿ.

ಇಂದು ನಗರಗಳ ಬ್ಯಾಂಕುಗಳಲ್ಲಿಯೂ ಸಂಪತ್ತು ನಿರ್ವಹಣಾ ಸಂಸ್ಥೆಗಳಲ್ಲಿಯೂ 'ಸ್ಟ್ರಕ್ಚರ್ಡ್' ಹೂಡಿಕೆಗಳೆಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಇಷ್ಟು ಇಟ್ಟರೆ ಇಷ್ಟು, ಹೀಗಾದರೆ ಅಷ್ಟು, ಅಸಲಿಗೆ ಮಾತ್ರ ಅಪಾಯವಿಲ್ಲ ಎಂದು ಷರತ್ತುಗಳನ್ನು ಹೆಣೆದು ಮಾಡಿದ ಹೂಡಿಕೆ ಅದು. ನಮ್ಮ ಚಿಮ್ಮಡ, ರಬಕವಿ, ಬನಹಟ್ಟಿಗಳಂತಹ ಊರುಗಳಿಗೆ ಆ ಹೆಸರು ಇನ್ನೂ ಹೊಸದು. ಆದರೆ ಹೆಸರಿಗಿಂತ ಮೊದಲೇ ವಸ್ತು ಬಂದುಬಿಡುತ್ತದೆ. ಕಬ್ಬಿನ ಬಿಲ್ಲು ಕೈಸೇರಿದ ವಾರ, ಮಗಳ ನಿಕಾಹ್‌ಗೆಂದು ಕೂಡಿಟ್ಟ ಹಣದ ಸುದ್ದಿ ಹೊರಬಿದ್ದ ವಾರ, ಯಾರಾದರೊಬ್ಬ ಪರಿಚಿತರು ಮೊಬೈಲಿನಲ್ಲಿ ಒಂದು ಪಟ್ಟಿಯನ್ನು ತೋರಿಸುತ್ತಾರೆ. ಆದುದರಿಂದ ಸುಲ್ತಾನರ ಆ ಕಲಮನ್ನು ಸ್ವಲ್ಪ ನಿಧಾನವಾಗಿ ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಕಾಲವನ್ನು ಗಮನಿಸಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸುಲ್ತಾನರು ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡಕ್ಕೆ ಒಳಗಾಗಿದ್ದರು. ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ವಶಕ್ಕೆ ಹೋಗಿದ್ದರು. ಖಜಾನೆ ಬರಿದಾದ ಆ ದಿನಗಳಲ್ಲಿ ಶ್ರೀಗಂಧ, ಕರಿಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಬೆಳೆಸುವುದೊಂದೇ ಸರಕಾರಕ್ಕೆ ಉಳಿದಿದ್ದ ದಾರಿಗಳಲ್ಲಿ ಮುಖ್ಯವಾದುದು. ಮಸ್ಕತ್ತಿನಲ್ಲಿ ಮೊದಲೇ ಸುಲ್ತಾನರ ಕೋಠಿ ಇತ್ತು. ಕಛ್‌ನ ಬಂದರುಗಳಲ್ಲಿಯೂ ವ್ಯಾಪಾರವಿತ್ತು. ಬಂಡವಾಳ ಬೇಕಾಗಿತ್ತು. ಅದನ್ನು ಸಾಹುಕಾರರಿಂದ ಸಾಲವಾಗಿ ಎತ್ತುವುದಕ್ಕೆ ಬದಲಾಗಿ ಪ್ರಜೆಗಳಿಂದಲೇ ಕೂಡಿಸುವ ಪ್ರಯತ್ನವಾಗಿ ಈ ಯೋಜನೆ ಕಾಣುತ್ತದೆ.

ಈ ನಿಯಮಾವಳಿ ನಮಗೆ ತಲುಪಿರುವುದು ಕಂಪನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಸುಲ್ತಾನರ ಪತ್ರಗಳ ಅನುವಾದ ಗ್ರಂಥದ ಅನುಬಂಧದ ಮೂಲಕ. ಗೆದ್ದವರು ಸೋತವರ ಕಾಗದಗಳನ್ನು ಅನುವಾದಿಸಿದ್ದಾರೆಂಬುದನ್ನು ಮರೆಯದೆ ಓದಬೇಕು. ಆದರೂ ಅಂಕಿಗಳು ಅಂಕಿಗಳೇ. ಅವುಗಳೊಡನೆ ಸ್ವಲ್ಪ ಲೆಕ್ಕ ಮಾಡಿ ನೋಡೋಣ.

500 ಇಮಾಮಿ ಇಟ್ಟವನಿಗೆ 250 ಬರುತ್ತದೆ. 600 ಇಟ್ಟವನಿಗೆ ಬರುವುದು 150 ಮಾತ್ರ! ಆ 250ನ್ನು ಮತ್ತೆ ಮುಟ್ಟಬೇಕಾದರೆ 1000 ಇಡಬೇಕು. ಅದೇ ರೀತಿ 5000ಕ್ಕೆ 1250; 6000ಕ್ಕೆ 720; ಮತ್ತೆ 1250 ಆಗಲು ಹತ್ತು ಸಾವಿರದ ನಾಲ್ಕುನೂರಕ್ಕೂ ಹೆಚ್ಚು ಇಮಾಮಿ ಬೇಕು. ಇಂದಿನ ಹೂಡಿಕೆಗಳಲ್ಲಿ ದೊಡ್ಡ ಮೊತ್ತದವನಿಗೆ ದೊಡ್ಡ ಮನ್ನಣೆ; ಖಾಸಗಿ ಬ್ಯಾಂಕಿಂಗಿನ ಬಾಗಿಲು ತೆರೆಯುವುದೇ ಕೋಟಿಗಳಿಗೆ. ಸುಲ್ತಾನರ ಪಟ್ಟಿ ಇದಕ್ಕೆ ತಲೆಕೆಳಗು. ಚಿಕ್ಕ ಉಳಿತಾಯದ ಸಾವಿರಾರು ಮನೆಗಳನ್ನು ಸರಕಾರದ ವ್ಯಾಪಾರಕ್ಕೆ ಕಟ್ಟುವುದು, ದೊಡ್ಡ ಧನಿಕರ ಕೈಮೇಲಾಗದಂತೆ ನೋಡಿಕೊಳ್ಳುವುದು ಇದರ ಉದ್ದೇಶವಾಗಿದ್ದಿರಬೇಕೆಂದು ನಮಗೆ ತೋರುತ್ತದೆ. ಶ್ರೀಮಂತನೊಬ್ಬನು ತನ್ನ ಹಣವನ್ನು ಹತ್ತು ಹೆಸರುಗಳಲ್ಲಿ ಹಂಚಿ ಇಡುವ ಚಾತುರ್ಯಕ್ಕೂ ಇಲ್ಲಿ ಧಾರಾಳ ಅವಕಾಶವಿತ್ತೆನ್ನಿ.

ಕೆಲವರು ಈ ಯೋಜನೆಯನ್ನು ಭಾರತದ ಮೊದಲ ಇಸ್ಲಾಮೀ ಬ್ಯಾಂಕ್ ಎಂದು ಕೊಂಡಾಡುವುದುಂಟು. ನಾವು ಅಷ್ಟು ದೂರ ಹೋಗಲಾರೆವು. ಏಕೆಂದರೆ ಇಲ್ಲಿ 'ಲಾಭ' ಎಂಬ ಪದವಿದೆಯೇ ಹೊರತು, ಆ ಲಾಭವು ವ್ಯಾಪಾರದಲ್ಲಿ ನಿಜಕ್ಕೂ ಹುಟ್ಟಿತೋ ಇಲ್ಲವೋ ಎಂಬ ಪ್ರಶ್ನೆಯಿಲ್ಲ.

ಇದನ್ನು ತಿಳಿಯಲು ಇಮಾಮ್ ಮಾಲಿಕ್‌ರ(ರ) ಮುವತ್ತಾದಲ್ಲಿ ಬರುವ ಒಂದು ಪ್ರಸಂಗ ನೆರವಾಗುತ್ತದೆ. ಖಲೀಫ ಉಮರ್‌ರ(ರ) ಇಬ್ಬರು ಮಕ್ಕಳು, ಅಬ್ದುಲ್ಲಾ ಮತ್ತು ಉಬೈದುಲ್ಲಾ, ಸೈನ್ಯದೊಡನೆ ಇರಾಕಿಗೆ ಹೋಗಿ ಮರಳುವಾಗ ಬಸರಾದ ರಾಜ್ಯಪಾಲ ಅಬೂ ಮೂಸಾ ಅಶ್‌ಅರಿ(ರ) ಅವರನ್ನು ಕಂಡರು. ಮದೀನಕ್ಕೆ ಕಳುಹಿಸಬೇಕಾಗಿದ್ದ ಸಾರ್ವಜನಿಕ ಹಣವನ್ನು ಅವರು ಈ ಇಬ್ಬರಿಗೆ ಸಾಲವಾಗಿ ಕೊಟ್ಟು, ಅದರಿಂದ ಇರಾಕಿನ ಸರಕು ಕೊಂಡು ಮದೀನದಲ್ಲಿ ಮಾರಿ, ಅಸಲನ್ನು ಖಲೀಫರಿಗೆ ಒಪ್ಪಿಸಿ ಲಾಭವನ್ನು ತಾವು ಇಟ್ಟುಕೊಳ್ಳಲು ಹೇಳಿದರು. ಉಮರ್(ರ) ಕೇಳಿದ ಮೊದಲ ಪ್ರಶ್ನೆ, ಸೈನ್ಯದ ಎಲ್ಲರಿಗೂ ಹೀಗೆ ಸಾಲ ಸಿಕ್ಕಿತೇ ಎಂಬುದು. ಇಲ್ಲವೆಂದಾಗ ಅಸಲನ್ನೂ ಲಾಭವನ್ನೂ ಒಪ್ಪಿಸಲು ಆಜ್ಞಾಪಿಸಿದರು. ಅಬ್ದುಲ್ಲಾ ಮೌನವಾಗಿದ್ದರು. ಉಬೈದುಲ್ಲಾ ಮಾತ್ರ ವಾದಿಸಿದರು: ಹಣ ನಷ್ಟವಾಗಿದ್ದರೆ ತುಂಬಿಕೊಡುವ ಹೊಣೆ ನಮ್ಮದೇ ಆಗಿತ್ತಲ್ಲವೇ ಎಂದು. ಕೊನೆಗೆ ಸಭೆಯಲ್ಲಿದ್ದ ಒಬ್ಬರ ಸಲಹೆಯಂತೆ ಅದನ್ನು 'ಖಿರಾದ್' ಎಂದು ಪರಿಗಣಿಸಿ, ಅಸಲು ಮತ್ತು ಲಾಭದ ಅರ್ಧ ಖಜಾನೆಗೆ, ಉಳಿದರ್ಧ ಮಕ್ಕಳಿಗೆ ಎಂದು ತೀರ್ಮಾನವಾಯಿತು.

ಖಿರಾದ್ ಅಥವಾ ಮುದಾರಬಾ ಎಂದರೆ ಒಬ್ಬರ ಹಣ, ಇನ್ನೊಬ್ಬರ ದುಡಿಮೆ. ಪ್ರವಾದಿವರ್ಯರು(ಸ) ಪ್ರವಾದಿತ್ವಕ್ಕೆ ಮುನ್ನ ಖದೀಜಾರ(ರ) ಬಂಡವಾಳದೊಡನೆ ಶಾಮ್ ದೇಶಕ್ಕೆ ವ್ಯಾಪಾರಕ್ಕೆ ಹೋದದ್ದು ಇಂಥದೇ ಪದ್ಧತಿಯ ಕಾಲದಲ್ಲಿ. ನಷ್ಟವಾದರೆ ಹಣವಂತನಿಗೆ ಹಣ ಹೋಗುತ್ತದೆ, ದುಡಿದವನಿಗೆ ದುಡಿಮೆ ಹೋಗುತ್ತದೆ. ಲಾಭವಾದರೆ ಮೊದಲೇ ಒಪ್ಪಿದ ಪಾಲಿನಂತೆ ಹಂಚಿಕೆ. ನಿಗದಿಯಾದ ಮೊತ್ತವನ್ನು ಒಬ್ಬರಿಗೆ ಖಚಿತಪಡಿಸಿದರೆ ಕರಾರು ಕೆಡುತ್ತದೆಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳು ಒಂದಾಗಿವೆ.

ಈಗ ಎರಡು 'ಅರ್ಧ'ಗಳನ್ನು ಪಕ್ಕಪಕ್ಕದಲ್ಲಿಡಿ. ಉಮರ್‌ರ(ರ) ತೀರ್ಪಿನಲ್ಲಿರುವುದು ಲಾಭದ ಅರ್ಧ. ಶ್ರೀರಂಗಪಟ್ಟಣದ ಕಲಮಿನಲ್ಲಿರುವುದು ಅಸಲಿನ ಅರ್ಧ. ಮೊದಲನೆಯದು ಸರಕು ಮಾರಿ ಲೆಕ್ಕ ಮುಗಿದ ಮೇಲೆ ಹುಟ್ಟುವ ಸಂಖ್ಯೆ. ಎರಡನೆಯದು ಹಡಗು ಬಂದರು ಬಿಡುವ ಮೊದಲೇ ಕಾಗದದ ಮೇಲಿರುವ ಸಂಖ್ಯೆ. ನಮ್ಮ ಭಾಗದ ರೈತನಿಗೆ ಇದು ಹೊಸ ವಿಚಾರವಲ್ಲ: ಹೊಲವನ್ನು ಪಾಲಿಗೆ ಕೊಡುವುದಕ್ಕೂ ಲಾವಣಿಗೆ ಕೊಡುವುದಕ್ಕೂ ಇರುವ ಅಂತರವೇ ಇದು. ಆದರೆ ಹೊಲದ ಲಾವಣಿಯನ್ನು ಬಹುಪಾಲು ಫಿಖ್ಹ್ ವಿದ್ವಾಂಸರು ಒಪ್ಪುತ್ತಾರೆ. ಹೊಲ ಹಾಗೆಯೇ ಉಳಿಯುತ್ತದೆ, ಅದು ಕೊಚ್ಚಿಹೋದರೆ ನಷ್ಟ ಒಡೆಯನದೇ. ಹಣ ಹಾಗಲ್ಲ, ಬಳಸಿದೊಡನೆ ಕರಗುತ್ತದೆ, ಆದುದರಿಂದ ಹಣದ ಲಾವಣಿಗೆ ಬಡ್ಡಿಯೆಂದೇ ಹೆಸರು.

ಆಧುನಿಕ ಸ್ಟ್ರಕ್ಚರ್ಡ್ ಹೂಡಿಕೆಯ ಒಳಗುಟ್ಟನ್ನು ಬಿಚ್ಚಿದರೂ ಈ ಎರಡು ಬಗೆಗಳೇ ಕಾಣುತ್ತವೆ. ನೂರು ರೂಪಾಯಿಯಲ್ಲಿ ಸುಮಾರು 82ನ್ನು ಶೇ. 7ರ ಬಡ್ಡಿಯ ಸಾಲಪತ್ರದಲ್ಲಿಟ್ಟರೆ ಮೂರು ವರ್ಷಕ್ಕೆ ಅದು ನೂರಾಗುತ್ತದೆ. ಇದೇ 'ಅಸಲು ಸುರಕ್ಷಿತ' ಎಂಬ ಮಾತಿನ ಗುಟ್ಟು. ಉಳಿದ 18ರಿಂದ ಷೇರು ಸೂಚ್ಯಂಕದ ಮೇಲೆ ಆಪ್ಷನ್ ಕೊಳ್ಳುತ್ತಾರೆ. ಮಾರುಕಟ್ಟೆ ಏರಿದರೆ ಲಾಭ, ಇಳಿದರೆ ಆ 18 ಹೋಯಿತು. ಭಾರತದಲ್ಲಿ ಇಂತಹ ಸಾಲಪತ್ರಗಳಿಗೆ ಸೆಬಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸುರಕ್ಷೆಯೆಂಬುದು ಸಾಲಪತ್ರ ಬರೆದುಕೊಟ್ಟವನು ಬದುಕಿರುವಷ್ಟು ಕಾಲ ಮಾತ್ರ. ಲೀಮನ್ ಬ್ರದರ್ಸ್ 2008ರ ಸೆಪ್ಟೆಂಬರಿನಲ್ಲಿ ದಿವಾಳಿಯಾದಾಗ ಹಾಂಗ್‌ಕಾಂಗಿನ ವೃದ್ಧರೂ ನಿವೃತ್ತರೂ 'ಮಿನಿಬಾಂಡ್' ಎಂಬ ಸಾಧು ಹೆಸರಿನ ಕಾಗದ ಹಿಡಿದು ಬೀದಿಗೆ ಬಂದರು. ಮರುವರ್ಷ ಜುಲೈಯಲ್ಲಿ ಆದ ಒಪ್ಪಂದದಂತೆ ಮಾರಿದ ಬ್ಯಾಂಕುಗಳು ಅಸಲಿನ ಶೇ. 60ನ್ನು, 65 ದಾಟಿದವರಿಗೆ ಶೇ. 70ನ್ನು ಮರಳಿಸಿದವು.

ಇಸ್ಲಾಮೀ ಹಣಕಾಸು ಸಂಸ್ಥೆಗಳು ಈ ಯಂತ್ರಕ್ಕೆ ಅರಬಿ ಹೆಸರುಗಳನ್ನು ತೊಡಿಸಿವೆ. ಸಾಲಪತ್ರದ ಜಾಗದಲ್ಲಿ ಮುರಾಬಹಾ, ಆಪ್ಷನ್ನಿನ ಜಾಗದಲ್ಲಿ ಉರ್ಬೂನ್ ಎಂಬ ಮುಂಗಡದ ಕರಾರು. ಎರಡನೆಯದನ್ನು ಹಂಬಲೀ ವಿದ್ವಾಂಸರು ಒಪ್ಪಿದರೆ ಉಳಿದ ಬಹುಪಾಲು ಮಂದಿ ಒಪ್ಪಿಲ್ಲ. ಸುಕೂಕ್‌ಗಳಲ್ಲಿ ಮೂಲಬೆಲೆಗೇ ಮರಳಿ ಕೊಳ್ಳುವ ವಾಗ್ದಾನವು ನಷ್ಟದ ಪಾಲನ್ನೇ ಅಳಿಸಿಹಾಕುತ್ತದೆಂದು ಮುಫ್ತಿ ತಕೀ ಉಸ್ಮಾನಿಯವರು 2007ರಲ್ಲಿ ಆಕ್ಷೇಪಿಸಿದಾಗ ಕೊಲ್ಲಿಯ ಮಾರುಕಟ್ಟೆ ಬೆಚ್ಚಿತು. ಅವರ ಆಕ್ಷೇಪಕ್ಕೂ ನಮ್ಮ ಎರಡು 'ಅರ್ಧ'ಗಳಿಗೂ ಇರುವ ನಂಟನ್ನು ಓದುಗರೇ ಕಾಣಬಲ್ಲರು. ಇದಕ್ಕೆ ವ್ಯತಿರಿಕ್ತವಾಗಿ 1963ರಲ್ಲಿ ಈಜಿಪ್ಟಿನ ಮೀತ್ ಗಮ್ರ್ ಎಂಬ ಊರಿನಲ್ಲಿ ಡಾ. ಅಹ್ಮದ್ ನಜ್ಜಾರ್ ರೈತರ ಸಣ್ಣ ಉಳಿತಾಯದಿಂದ ಕಟ್ಟಿದ ಬ್ಯಾಂಕು ಊರಿನವರ ಕಣ್ಣೆದುರಿನ ಉದ್ಯೋಗಗಳಿಗೇ ಹಣ ಹಾಕುತ್ತಿತ್ತು. ಕೆಲವೇ ವರ್ಷ ಬಾಳಿದರೂ ಅದರ ಲೆಕ್ಕ ಯಾರಿಗೂ ಒಗಟಾಗಿರಲಿಲ್ಲ.

ನಮ್ಮ ರಾಜ್ಯದ ಗಾಯ ಇನ್ನೂ ಹಸಿಯಾಗಿದೆ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ ಸಂಸ್ಥೆಯು ಹಲಾಲ್ ಹೂಡಿಕೆಯ ಹೆಸರಿನಲ್ಲಿ, ಚಿನ್ನದ ವ್ಯಾಪಾರದ ಲಾಭವೆಂದು ಹೇಳಿ ಹಣ ಸಂಗ್ರಹಿಸಿತು. ಹಣವಿಟ್ಟವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಕರೆಯುವುದೇ ಅದರ ರಚನೆಯಾಗಿತ್ತು. ಪಾಲುದಾರರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ತಿಂಗಳು ತಿಂಗಳು ಹಣ ಬರುತ್ತಿರುವಾಗ ಆ ಹಕ್ಕನ್ನು ಚಲಾಯಿಸಿದವರು ಎಷ್ಟು ಮಂದಿ? ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂಬ ಆದೇಶ ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತದಲ್ಲಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಲೆಕ್ಕಪತ್ರದ ಕುರಿತಾದದ್ದು. ಫಲಕದ ಮೇಲಿನ ಹಲಾಲ್ ಎಂಬ ಪದವನ್ನು ಓದಿದವರು ಆ ಸೂಕ್ತವನ್ನು ಬದಿಗಿಟ್ಟರು. ವಿದ್ವಾಂಸರಲ್ಲಿ ಕೆಲವರ ಮೌನವೂ ಅದಕ್ಕೆ ಒದಗಿತೆಂದು ಹೇಳದೆ ಗತ್ಯಂತರವಿಲ್ಲ.

2019ರ ಜೂನ್‌ನಲ್ಲಿ ಸಂಸ್ಥೆಯ ಮುಖ್ಯಸ್ಥರು ದೇಶ ಬಿಟ್ಟಾಗ ಶಿವಾಜಿನಗರದ ಕಚೇರಿಯೆದುರು ನೆರೆದವರಲ್ಲಿ ಬುರ್ಖಾಧಾರಿ ವಿಧವೆಯರೂ ನಿವೃತ್ತ ನೌಕರರೂ ಇದ್ದರು. ಪೊಲೀಸರಿಗೆ ಬಂದ ದೂರುಗಳು 40,000ವನ್ನು ದಾಟಿದವು. ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧನ, ಆಗಸ್ಟಿನಲ್ಲಿ ತನಿಖೆ ಸಿಬಿಐಗೆ. ಠೇವಣಿದಾರರ ಹಿತರಕ್ಷಣೆಯ 2004ರ ರಾಜ್ಯ ಕಾನೂನಿನಡಿ ನೇಮಕವಾದ ಸಕ್ಷಮ ಪ್ರಾಧಿಕಾರವು ಆಸ್ತಿಗಳನ್ನು ವಶಪಡಿಸಿಕೊಂಡು ಬಾಕಿ ಲೆಕ್ಕ ಹಾಕಲು ಕುಳಿತಾಗ ಮೊದಲ ಹಂತದಲ್ಲಿ 50,000 ರೂಪಾಯಿಗಿಂತ ಕಡಿಮೆ ಬಾಕಿಯಿದ್ದ ಸಣ್ಣವರನ್ನು ಎತ್ತಿಕೊಂಡಿತು. ಆ ಲೆಕ್ಕದಲ್ಲಿ, ವರ್ಷಗಳ ಕಾಲ 'ಲಾಭ'ವೆಂದು ಮನೆಗೆ ಬಂದಿದ್ದ ಪ್ರತಿ ರೂಪಾಯಿಯನ್ನೂ ಅವರವರ ಅಸಲಿನಿಂದಲೇ ಕಳೆಯಲಾಯಿತು.